ಕೆಂಪರಾಜು ಜೂಮಿಲ್ಲದ ಲೆನ್ಸು ಹಿಡಿದದ್ದು

ಕತೆ ಹೇಳುತ್ತೇನೆ, ಆದರೆ ಹೂಂಗುಟ್ಟುವವರು ಬೇಕು. ಹೂಂ ಅನ್ನದಿದ್ದರೆ ನಾನು ಎದ್ದು ಹೋಗುವವನೇ. ಇದು ರಾಜ ರಾಣಿಯರ ಕಾಲದ್ದಲ್ಲ. ಮೊನ್ನೆ ಮೊನ್ನೆ, ಎಲ್ಲರ ಜೇಬಿಗೂ ಮೊಬೈಲು ಬಂದಮೇಲೆ ನಡೆದದ್ದು. ನಂಜನಗೂಡಿನ ಕಡೆ ಒಂದು ಸಣ್ಣ ಪೇಟೆ. ಆ ಪೇಟೆಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡುವುದು ಅವಳ ಕಸುಬು. ಗಂಡ ಇಲ್ಲ. ಇರುವವನು ಒಬ್ಬನೇ ಮಗ, ಕೆಂಪರಾಜು. ಇಪ್ಪತ್ತಾರು ವರ್ಷದ ಆಳು.

ಮಗ ಕೆಟ್ಟವನಲ್ಲ. ಒಂದು ಸುಳ್ಳು ಆಡಿದವನಲ್ಲ, ಒಬ್ಬರಿಗೆ ಎದುರು ಮಾತಾಡಿದವನಲ್ಲ. ತೊಂದರೆ ಅಂದರೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. "ಹಾಲು ಉಕ್ಕೋದನ್ನ ನೋಡ್ತಿರ್ಲಾ" ಅಂದರೆ ನೋಡುತ್ತಲೇ ಇರುತ್ತಾನೆ. ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾದ ಮೇಲೆ, "ಅವ್ವಾ, ಚೆನ್ನಾಗಿ ಉಕ್ತು!" ಅನ್ನುತ್ತಾನೆ. ಇಂಥವನನ್ನು ಬೈಯುವುದು ಹೇಗೆ, ಬೈಯದೆ ಇರುವುದು ಹೇಗೆ?

ಚಿಕ್ಕತಾಯಮ್ಮನಿಗೆ ಒಂದೇ ಯೋಚನೆ. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು? ಕೈಯಲ್ಲೊಂದು ಕೆಲಸ ಇದ್ದರೆ ಹೇಗೋ ಬದುಕುತ್ತಾನೆ. ಒಂದು ದಿನ ಸೆರಗು ಸಿಕ್ಕಿಸಿಕೊಂಡು ಫೋಟೋ ಸ್ಟುಡಿಯೋದ ಜಬ್ಬಾರ್ ಸಾಬರ ಮುಂದೆ ಹೋಗಿ ನಿಂತಳು.

"ಜಬ್ಬಾರಣ್ಣ, ನನ್ನ ಮಗನ್ಗೆ ನಿಮ್ಮ ವಿದ್ಯೆ ಕಲ್ಸಿ."

ಸಾಬರು ಒಳ್ಳೆಯವರು. ಹಳೇ ಕ್ಯಾಮೆರಾ ಒಂದು ತೆಗೆದರು, ಅದಕ್ಕೆ ಅಂಗೈಯೊಳಗೆ ಮುಚ್ಚಿಕೊಳ್ಳುವಷ್ಟು ಪುಟ್ಟ ಲೆನ್ಸು ಸಿಕ್ಕಿಸಿದರು. "ನೋಡಪ್ಪ ಕೆಂಪರಾಜು, ಇದು ಐವತ್ತರ ಲೆನ್ಸು. ಅಂಗ್ಡೀಲಿ ಇರೋದ್ರಲ್ಲೆಲ್ಲ ಅಗ್ಗದ್ದು. ಆದ್ರೆ ಕತ್ಲೇಲೂ ಕಣ್ಣು ಕಾಣ್ತದೆ ಇದ್ಕೆ. ಫ್ಲ್ಯಾಶು ಬೇಡ. ಒಂದೇ ಕೊರತೆ, ಜೂಮ್ ಇಲ್ಲ. ನಿನ್ನ ಕಾಲೇ ಜೂಮು. ಮುಖ ದೊಡ್ಡದಾಗಿ ಬೇಕಾ? ಮುಂದೆ ನಡಿ."

"ಆಯ್ತು ಸಾಬರೇ, ಹಂಗೇ ಮಾಡ್ತೀನಿ."

ಮೊದಲ ಕೆಲಸ ದಿನಸಿ ಅಂಗಡಿ ಮಾದಪ್ಪನ ಮನೆಯಲ್ಲಿ, ಮೊಮ್ಮಗುವಿನ ನಾಮಕರಣ. ಮಗುವನ್ನು ತೊಟ್ಟಿಲಿಗೆ ಹಾಕಿದರು, ಹೆಂಗಸರು ಹಾಡು ಎತ್ತಿದರು, ಕೆಂಪರಾಜು ಕ್ಯಾಮೆರಾ ಎತ್ತಿದ. ಒಂದು ಹೆಜ್ಜೆ ನಡೆದ, ತೊಟ್ಟಿಲು ದೊಡ್ಡದಾಯಿತು. ಇನ್ನೊಂದು ಹೆಜ್ಜೆ, ಮಗು ದೊಡ್ಡದಾಯಿತು. ಇನ್ನೊಂದು ಹೆಜ್ಜೆ, ಎಡಗಾಲು ಪಾಯಸದ ಪಾತ್ರೆಯೊಳಗೆ! ಪುಣ್ಯಕ್ಕೆ ಪಾಯಸ ಆರಿತ್ತು. ಕೆಂಪರಾಜು ನಿಂತನೇ? ಇಲ್ಲ. ಪಾಯಸದ ಕಾಲಲ್ಲೇ ಮುಂದೆ ನಡೆದು, ಲೆನ್ಸು ಮಗುವಿನ ಮುಖಕ್ಕೆ ತಾಗಿದಾಗ ಕ್ಲಿಕ್ ಅನ್ನಿಸಿದ. ಫೋಟೋದಲ್ಲಿ ಬಂದದ್ದು ಒಂದು ಮೂಗಿನ ಹೊಳ್ಳೆ. ಅದೂ ಮಸುಕು ಮಸುಕು.

ಚಿಕ್ಕತಾಯಮ್ಮ ಎಲೆ ಹಚ್ಚುವ ಕಡ್ಡಿ ಬಿಸಾಕಿ ಹಣೆ ಬಡಿದುಕೊಂಡಳು. "ಅಯ್ಯೋ ನನ್ ಹಣೇಬರವೇ! ಹಿಂದಕ್ಕೆ ಸರೀಬೇಕಿತ್ತು ಕಣ್ಲಾ! ಎಲ್ಲಾರೂ ಕಾಣೋಗಂಟ ಹಿಂದಕ್ಕೆ! ಹಿಂದಕ್ಕೆ!"

"ಆಯ್ತವ್ವ, ಹಂಗೇ ಮಾಡ್ತೀನಿ."

ಎರಡು ದಿನಕ್ಕೆ ರಿಟೈರಾದ ಪೋಸ್ಟ್‌ಮಾಸ್ಟರ್ ವಾಮನರಾಯರು ಪಾಸ್‌ಪೋರ್ಟ್ ಫೋಟೋಗೆ ಅಂತ ಸ್ಟುಡಿಯೋಗೆ ಬಂದರು. ಸಾಬರು ನಮಾಜಿಗೆ ಹೋಗಿದ್ದರು. ರಾಯರು ಕೋಟು ಎಳೆದುಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ಕೆಂಪರಾಜು ಕ್ಯಾಮೆರಾ ಕಣ್ಣಿಗಿಟ್ಟು ಹಿಂದೆ ಸರಿದ. ಕದದವರೆಗೂ ಸರಿದ. ಎಲ್ಲರೂ ಕಾಣಲಿಲ್ಲವಲ್ಲ! ಮೆಟ್ಟಿಲು ಇಳಿದ, ರಸ್ತೆ ದಾಟಿದ, ಬಸ್ ನಿಲ್ದಾಣದ ಕಟ್ಟೆಗೆ ಬೆನ್ನು ಕೊಟ್ಟು ಅಲ್ಲಿಂದ ಕ್ಲಿಕ್! ಒಳಗೆ ರಾಯರು ಕಣ್ಣು ಮಿಟುಕಿಸದೆ ಇನ್ನೂ ಕೂತೇ ಇದ್ದಾರೆ, ಪಾಪ.

ಸಂಜೆ ರಾಯರು ಫೋಟೋ ಹಿಡಿದು ಚಿಕ್ಕತಾಯಮ್ಮನ ಮನೆಗೇ ಬಂದರು. "ನೋಡಮ್ಮಾ, ಇದ್ರಲ್ಲಿ ಎರಡು ಬಸ್ಸು ಇದೆ, ಕ್ಷೌರದಂಗಡಿ ಇದೆ, ಎಳನೀರಿನ ಗಾಡಿ ಇದೆ. ನಾನೆಲ್ಲಿದೀನಿ?"

ಕೆಂಪರಾಜು ಬಗ್ಗಿ ಬೆರಳಿಟ್ಟು ತೋರಿಸಿದ. "ಇಗೊಳ್ಳಿ ರಾಯರೇ, ಈ ಜೀರಿಗೆ ಕಾಳಿನಂಗೆ ಅದಲ್ಲ, ಅದೇ ನೀವು. ಎಲ್ಲಾರೂ ಬಂದವ್ರೆ, ಒಬ್ರೂ ಬಿಟ್ಟಿಲ್ಲ."

ಮರುದಿನ ಸಾಬರು ಕೂರಿಸಿಕೊಂಡು ಹೇಳಿದರು. "ಲೋ ಮಹಾರಾಯ! ಪಾಸ್‌ಪೋರ್ಟ್ ಅಂದ್ರೆ ಒಬ್ರ ಮುಖ. ಒಂದು ಕಣ್ಣು ಹಿಡ್ಕೋ. ಆ ಕಣ್ಣು ಚೂಪಾಗಿ ಬಂದ್ರೆ ಸಾಕು, ಮಿಕ್ಕಿದ್ದೆಲ್ಲ ಮಂಜಾದ್ರೂ ಆಗ್ಲಿ. ಈ ಲೆನ್ಸಿನ ಚೆಂದವೇ ಅದು."

"ಆಯ್ತು ಸಾಬರೇ, ಹಂಗೇ ಮಾಡ್ತೀನಿ."

ಮುಂದಿನ ವಾರ ಹೈಸ್ಕೂಲಿನ ಹೆಡ್‌ಮಾಸ್ಟರಿಗೆ ಬೀಳ್ಕೊಡುಗೆ. ಮೂವತ್ತೆರಡು ಜನ, ಮೂರು ಸಾಲು, ನಡುವೆ ಹಾರ ಹಾಕಿಕೊಂಡ ಹೆಡ್‌ಮಾಸ್ಟರು. ಕೆಂಪರಾಜು ಒಂದು ಕಣ್ಣಿಗಾಗಿ ಹುಡುಕಿದ. ಹಿಂದಿನ ಸಾಲಿನ ತುದಿಯಲ್ಲಿ ಜವಾನ ತಿಮ್ಮಯ್ಯ ನಿಂತಿದ್ದ. ಅವನ ಎಡಗಣ್ಣು ಚೆನ್ನಾಗಿ ಹೊಳೆಯುತ್ತಿತ್ತು. ಅದನ್ನೇ ಹಿಡಿದ. ಫೋಟೋದಲ್ಲಿ ತಿಮ್ಮಯ್ಯನ ಎಡಗಣ್ಣಿನ ಒಂದೊಂದು ರೆಪ್ಪೆಕೂದಲೂ ಎಣಿಸಬಹುದು. ಹೆಡ್‌ಮಾಸ್ಟರು ಬಿಳೀ ಮೋಡ, ಮೇಡಮ್ಮುಗಳು ಬಣ್ಣದ ಮೋಡ. ತಿಮ್ಮಯ್ಯ ಮಾತ್ರ ಮೂರು ಪ್ರತಿ ಕೇಳಿದ.

"ಗುಂಪು ಅಂದ್ರೆ ಎಲ್ಲಾರೂ ಚೂಪಾಗಿ ಬರ್ಬೇಕು ಕಣೋ!" ಸಾಬರು ಕೂಗಿದರು. "ಲೆನ್ಸಿನೊಳಗೆ ಬೆಳಕು ಬರೋ ಕಿಂಡಿ ಅದೆ, ನೋಡು. ಅದನ್ನ ಸಣ್ಣ ಮಾಡು! ಗುಂಪು ಕಂಡ ಕೂಡ್ಲೇ ಕಿಂಡಿ ಸಣ್ಣ ಮಾಡು!"

"ಆಯ್ತು ಸಾಬರೇ."

ಆಯಿತು ಅಂದವನು ಬಟ್ಟೆ ಅಂಗಡಿಯವರ ಸೊಸೆಯ ಸೀಮಂತಕ್ಕೆ ಹೋದ. ಕರೆಂಟು ಹೋಯಿತು. ನಡುಮನೆಯಲ್ಲಿ ಆರತಿಯ ಎರಡು ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಆ ಲೆನ್ಸು ಹುಟ್ಟಿದ್ದೇ ಇಂಥ ಗಳಿಗೆಗೆ! ಕೆಂಪರಾಜು ನೋಡಿದ, ಗುಂಪು. ಕಿಂಡಿಯನ್ನು ಸೂಜಿಯ ಕಣ್ಣಿನಷ್ಟು ಮಾಡಿಬಿಟ್ಟ. ನಲವತ್ತು ಫೋಟೋ ತೆಗೆದ, ನಲವತ್ತೂ ಇದ್ದಿಲು. ನಡುವೆ ಎರಡು ಸಾಸಿವೆ ಗಾತ್ರದ ಕಿಡಿ.

"ನಮ್ಮ ಸೊಸೆ ಎಲ್ಲಪ್ಪಾ?"

"ಒಳಗೇ ಅವ್ರೆ, ಬುದ್ಧಿ. ಎಲ್ಲಾರೂ ಒಳಗೇ ಅವ್ರೆ."

ಈಗ ಸಾಬರು ಕೂಗಲಿಲ್ಲ. ಅದು ಕೂಗಿದ್ದಕ್ಕಿಂತ ಕೆಟ್ಟದಾಗಿತ್ತು. "ತಾಯಮ್ಮ, ನನ್ನ ಕೈಲಾಗಲ್ಲ. ನಾಳೆ ಕ್ಯಾಮೆರಾ ತಂದಿಟ್ಬಿಡು" ಅಂದರು. ಚಿಕ್ಕತಾಯಮ್ಮನ ಮಗ ಕಾಲಿಗೆ ಪಾಯಸ ಮೆತ್ತಿಕೊಂಡು ಬಂದರೂ ಕ್ಯಾಮೆರಾವನ್ನು ಮಾತ್ರ ಮಗುವಿನ ಹಾಗೆ ಎದೆಗವಚಿಕೊಂಡು ಬಂದಿದ್ದ. ಅದನ್ನು ಕಿತ್ತುಕೊಂಡರೆ ಅವನಿಗೆ ಇನ್ನೇನು ಉಳಿಯಿತು? "ಒಂದೇ ಒಂದು ಸಲ, ಜಬ್ಬಾರಣ್ಣ" ಅಂತ ಕೈ ಮುಗಿದಳು.

ಆ ಒಂದು ಸಲ ಯಾವುದು ಅಂದರೆ, ಹೊಂಬಮ್ಮಜ್ಜಿ. ಈ ಅಜ್ಜಿ ಪೇಟೆಯ ಸೂಲಗಿತ್ತಿ. ಅರ್ಧ ಪೇಟೆ ಭೂಮಿಗೆ ಬಂದದ್ದು ಅವಳ ಕೈಯಿಂದ, ಕೆಂಪರಾಜುವೂ. ಹೊಸ ಹೆರಿಗೆ ಆಸ್ಪತ್ರೆಯಲ್ಲಿ ಅವಳ ಫೋಟೋ ಹಾಕಬೇಕು ಅಂತ ಎಲ್ಲರ ಆಸೆ. ಅಜ್ಜಿ ಮಾತ್ರ ಒಲ್ಲೆ ಅಂತ ಕೂತಿದ್ದಳು. "ಗೋಡೆಗೆ ಹಾಕೋದು ಸತ್ತೋರ ಫೋಟೋ ಕಣ್ರೋ. ನಾನಿನ್ನೂ ಮುದ್ದೆ ಉಣ್ತಾ ಇದ್ದೀನಿ!" ಕೊನೆಗೆ ಕೆಂಪರಾಜು ತೆಗೆಯುತ್ತಾನಂತೆ ಅಂದಾಗ ಅಜ್ಜಿಯ ಮುಖ ಅರಳಿತು. "ಅವನೇ ತೆಗೀಲಿ. ಅವನು ತೆಗುದ್ರೆ ಹೆಂಗೂ ಬರಾಕಿಲ್ಲ!"

ಹೊರಡುವ ಮೊದಲು ಸಾಬರು ಹೇಳಿದರು, "ಕತ್ತಲೆ ಮನೆ, ಕಿಂಡಿ ಪೂರ್ತಿ ತೆಗಿ. ಒಂದು ಕಣ್ಣು ಹಿಡಿ. ಉಸಿರು ಬಿಗಿ ಹಿಡಿ, ಕೈ ಅಲುಗಬಾರ್ದು. ಅಜ್ಜಿ ನಗೋಗಂಟ ಒತ್ಬೇಡ." ಅವ್ವ ಹೇಳಿದಳು, "ಅಜ್ಜಿಗೆ ಕಣ್ಣಿನ ಆಪರೇಷನ್ ಆಗ್ಯದೆ. ಅಜ್ಜಿ ಕಣ್ಣಿಗೆ ಬೆಳಕು ಬಡೀದಂಗೆ ನೋಡ್ಕೊ. ಅದೊಂದು ಮರೀಬೇಡ, ನನ್ನಪ್ಪ."

"ಆಯ್ತವ್ವ, ಹಂಗೇ ಮಾಡ್ತೀನಿ."

ಚಿಕ್ಕತಾಯಮ್ಮ ಜೊತೆಗೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಲೆಯ ಪಕ್ಕದಲ್ಲಿ ಅಜ್ಜಿ, ಮೇಲೆ ಗವಾಕ್ಷಿಯಿಂದ ಒಂದಿಷ್ಟು ಬೆಳಕು. ಕೆಂಪರಾಜು ಎದುರಿಗೆ ಕೂತ, ಕಿಂಡಿ ತೆರೆದ, ಕಣ್ಣು ಹಿಡಿದ, ಉಸಿರು ಹಿಡಿದ. ಅಜ್ಜಿ ನಗಲಿಲ್ಲ. ಅವನೂ ಉಸಿರು ಬಿಡಲಿಲ್ಲ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕಣ್ಣುಗುಡ್ಡೆ ಮುಂದಕ್ಕೆ ಬಂತು. "ಉಸ್ರು ಬುಡ್ಲಾ!" ಅಂತ ಕೂಗಬೇಕು ಅಂದುಕೊಂಡಳು ಚಿಕ್ಕತಾಯಮ್ಮ. ಕೂಗಿದರೆ ಫೋಟೋ ಕೆಡುತ್ತದಲ್ಲ ಅಂತ ಬಾಯಿಗೆ ಸೆರಗು ತುರುಕಿಕೊಂಡಳು.

ಅಜ್ಜಿ ಅವನನ್ನೇ ನೋಡಿದಳು. "ಅಯ್ಯೋ ಮುಂಡೇದೇ! ನೀನು ಹುಟ್ಟಿದಾಗ್ಲೂ ಹಿಂಗೇ ಉಸ್ರು ಹಿಡ್ಕಂಡಿದ್ದೆ ಕಣ್ಲಾ! ಮೂರು ಏಟು ಬಿದ್ಮೇಲೇ ಬುಟ್ಟಿದ್ದು!" ಅಂದವಳೇ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಕ್ಲಿಕ್!

ಸಾಬರು ಆ ಫೋಟೋ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಜ್ಜಿಯ ಕಣ್ಣು ಜೀವಂತ. ಸುಕ್ಕು ಸುಕ್ಕಲ್ಲೂ ನಗು. ಹಿಂದಿನ ಹಿತ್ತಾಳೆ ಪಾತ್ರೆಗಳೆಲ್ಲ ಕರಗಿ ಚಿನ್ನದ ಬಣ್ಣದ ಮಂಜಾಗಿದ್ದವು. "ಮೂವತ್ತು ವರ್ಷದಲ್ಲಿ ನಾನು ಇಂಥದೊಂದು ತೆಗ್ದಿಲ್ಲ, ತಾಯಮ್ಮ. ಕ್ಯಾಮೆರಾ ಅವನ ಹತ್ರವೇ ಇರ್ಲಿ" ಅಂದರು. ಚಿಕ್ಕತಾಯಮ್ಮ ಅಲ್ಲೇ ಕೂತು ಅತ್ತಳು. ಬೈದದ್ದಕ್ಕೆಲ್ಲ ಸೇರಿಸಿ ಅತ್ತಳು.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಕಟ್ಟು ಹಾಕಿಸಿದ ಫೋಟೋವನ್ನು ಆಸ್ಪತ್ರೆಯ ಗೋಡೆಗೆ ತೂಗುಹಾಕುವ ಕೆಲಸವನ್ನೂ ಅವನಿಗೇ ಕೊಟ್ಟರು!

ಆಸ್ಪತ್ರೆ ಶುರುವಾಗುವ ದಿನ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದರು. ಸಾಬರು ಬಂದರು, ವಾಮನರಾಯರು ಬಂದರು, ತಿಮ್ಮಯ್ಯನೂ ಬಂದ. ಡಾಕ್ಟರಮ್ಮ ಪರದೆ ಸರಿಸಿದರು. ಗೋಡೆಯ ಮೇಲೆ ಕಟ್ಟಿನ ಬೆನ್ನು! ಹಲಗೆ, ನಾಲ್ಕು ಮೊಳೆ, ಒಂದು ದಾರ. ಅಜ್ಜಿಯ ಮುಖ ಗೋಡೆಯ ಕಡೆಗೆ.

"ಲೋ ಕೆಂಪಾ!" ಚಿಕ್ಕತಾಯಮ್ಮ ಚೀರಿದಳು. "ಏನ್ಲಾ ಇದು?"

"ನೀನೇ ಹೇಳ್ದಲ್ಲವ್ವ, ಅಜ್ಜಿ ಕಣ್ಣಿಗೆ ಬೆಳಕು ಬಡೀಬಾರ್ದು ಅಂತ. ಮೇಲ್ಗಡೆ ನೋಡು, ಎಷ್ಟು ಉದ್ದ ಟ್ಯೂಬ್‌ಲೈಟು! ಅಜ್ಜಿ ಹಗಲೂ ರಾತ್ರಿ ಹೆಂಗೆ ತಡ್ಕತ್ತಳೆ?"

ಅಜ್ಜಿ ಕುರ್ಚಿಯಲ್ಲೇ ಅಲುಗಾಡಿಕೊಂಡು ನಗತೊಡಗಿದಳು. "ಸರಿಯಾಗೇ ಹಾಕವ್ನೆ ಬುಡ್ರೋ! ನಾನಿನ್ನೂ ಬದ್ಕಿದ್ದೀನಿ, ನನ್ನ ಮುಖ ಯಾಕೆ ಗೋಡೆ ಮೇಲೆ? ಲೋ ಕೆಂಪಾ, ನಾನು ಇರೋಗಂಟ ಹಿಂಗೇ ಇರ್ಲಿ. ಸತ್ತ್ ಮೇಲೆ ತಿರುಗ್ಸು."

"ಆಯ್ತಜ್ಜಿ, ಹಂಗೇ ಮಾಡ್ತೀನಿ."

ಚಿಕ್ಕತಾಯಮ್ಮ ಬುದ್ಧಿ ಹೇಳಲು ಬಾಯಿ ತೆರೆದಳು. ಹೇಳಿದರೆ ಇವನು ಮಾಡಿಯೇಬಿಡುತ್ತಾನಲ್ಲ ಅಂತ ಹೆದರಿ, ತೆರೆದ ಬಾಯಿ ಮುಚ್ಚಿಕೊಂಡಳು.

ಅವತ್ತಿನಿಂದ ದಿನಾ ಬೆಳಗ್ಗೆ ಕೆಂಪರಾಜು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಸ್ಟುಡಿಯೋಗೆ ಹೋಗುವ ಮೊದಲು, ಒಂಟಿಯಾಗಿರುವ ಹೊಂಬಮ್ಮಜ್ಜಿಯ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ.

"ಅಜ್ಜೀ! ಸತ್ತ್ಯಾ?"

"ಇಲ್ಲ ಕಣ್ಲಾ! ಒಳಗ್ ಬಾ, ರೊಟ್ಟಿ ಸುಟ್ಟಿದ್ದೀನಿ!"

"ಹಂಗಾರೆ ಇವತ್ತು ತಿರುಗ್ಸಾಕಿಲ್ಲ!"