ನಡುದೂರದ ಲೆನ್ಸ್

"ಮೇಷ್ಟ್ರೇ, ಈ ಎರಡರಲ್ಲಿ ಯಾವ ಲೆನ್ಸ್ ತಗೊಳ್ಳಲಿ?"

ಯತೀಶ ಈ ಪ್ರಶ್ನೆ ಕೇಳಿದ ದಿನ ನಾಡಿನಲ್ಲಿ ಬೇರೆ ಸಂಗತಿಗಳೂ ನಡೆದಿರಬಹುದು. ತಿಪಟೂರಿನ ಶಾಂತವೀರಯ್ಯನವರ ಸ್ಟುಡಿಯೋದ ಮಟ್ಟಿಗೆ ಅವೆಲ್ಲ ಒಳಪುಟದ ಸುದ್ದಿ. ಮುಖಪುಟಕ್ಕೆ ಬರಬೇಕಾದದ್ದು ಇಷ್ಟು: ಮದುವೆ ಫೋಟೋ ತೆಗೆಯುವ ಒಬ್ಬ ತರುಣ ಎರಡು ಲೆನ್ಸ್‌ಗಳ ನಡುವೆ ತೀರ್ಮಾನಕ್ಕೆ ಬರಲಾಗದೆ ಬೇಸಿಗೆಯಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಜೀವಹಾನಿ ಸಂಭವಿಸಿರಲಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ಮಾತ್ರ ಹೇಳುವಂತಿರಲಿಲ್ಲ.

ಎರಡೂ ಲೆನ್ಸ್‌ಗಳು ಮೇಜಿನ ಮೇಲೆ, ಹಳದಿ ಬಟ್ಟೆ ಹಾಸಿ, ಅಕ್ಕಪಕ್ಕ ನಿಂತಿದ್ದವು. ಎರಡೂ ಬಾಡಿಗೆಗೆ ತಂದವು. ಒಂದು ಅವನ ಕ್ಯಾಮೆರಾದ ಕಂಪನಿಯದೇ, ಇನ್ನೊಂದು ಹೊರಗಿನ ಕಂಪನಿಯದು. ಎರಡಕ್ಕೂ ಕೆಲಸ ಒಂದೇ. ಉಂಗುರವನ್ನು ಒಂದು ಕಡೆಗೆ ತಿರುಗಿಸಿದರೆ ಇಡೀ ಮಂಟಪ ಚಿತ್ರದೊಳಗೆ ಬರುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ವಧುವಿನ ಮುಖವೊಂದೇ ಉಳಿಯುತ್ತದೆ. ಛತ್ರದಲ್ಲಿ ಬೆಳಕು ಎಷ್ಟು ಕಡಿಮೆಯಿದ್ದರೂ ಉಂಗುರದ ಎರಡೂ ತುದಿಯಲ್ಲಿ, ಬೆಳಕು ಒಳಬಿಡುವ ಅದರ ಕಣ್ಣು ಒಂದೇ ಅಗಲಕ್ಕೆ ತೆರೆದಿರುತ್ತದೆ. ಮರದ ತುದಿಯ ಹಕ್ಕಿ ಅದಕ್ಕೆ ಸಿಗುವುದಿಲ್ಲ. ಎಲೆಯ ಮೇಲಿನ ಇರುವೆಯೂ ಸಿಗುವುದಿಲ್ಲ. ಅದು ನಡುದೂರದ ಲೆನ್ಸ್. ಈ ವೃತ್ತಿಯವರು ಅಂಥದ್ದೊಂದನ್ನು ಕೊಂಡು ಅದರ ಜೊತೆಗೇ ಮುದುಕರಾಗುತ್ತಾರೆ.

ಯತೀಶನಿಗೆ ಅವುಗಳ ಮೇಲೆ ಇದ್ದದ್ದು ಆಸೆಯಲ್ಲ, ಭಕ್ತಿ. ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದ. ಮುಂದಿನ ಗಾಜನ್ನು ಓರೆಯಾಗಿ ಹಿಡಿದರೆ ಒಳಗೆ ನೇರಳೆ, ಹಸಿರು ಬೆಳಕಿನ ಬಿಲ್ಲೆಗಳು ಒಂದರ ಹಿಂದೆ ಒಂದು ಇಳಿಯುತ್ತಾ ಹೋಗುತ್ತಿದ್ದವು. ಆಳದ ಬಾವಿಗೆ ಇಣುಕಿದಂತಾಗಿ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಗಾಜಿಗೆ ಉಸಿರು ತಾಗಬಾರದು ಎಂಬುದೂ ಒಂದು ಕಾರಣ.

ಲೆನ್ಸ್ ಪರೀಕ್ಷಿಸಲು ಫೋಟೋ ತೆಗೆಯುವವರಲ್ಲಿ ಒಂದು ಪದ್ಧತಿ ಇದೆ. ಇಟ್ಟಿಗೆ ಗೋಡೆಯ ಫೋಟೋ ತೆಗೆಯುತ್ತಾರೆ. ಗೋಡೆ ಅಲುಗುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ. ಚಿತ್ರದ ನಡುಭಾಗವನ್ನು ಯಾವ ಲೆನ್ಸಾದರೂ ಚೊಕ್ಕವಾಗಿ ತೋರಿಸುತ್ತದೆ. ಲೆನ್ಸಿನ ಯೋಗ್ಯತೆ ಗೊತ್ತಾಗುವುದು ಮೂಲೆಯಲ್ಲಿ. ಯತೀಶ ಈ ಪದ್ಧತಿಯನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದ. ಇಟ್ಟಿಗೆಗೆ ಕೂದಲಿಲ್ಲ, ರೆಪ್ಪೆಯಿಲ್ಲ. ಆದ್ದರಿಂದ ಮನೆಯ ಹಿಂದಿನ ಕೊಬ್ಬರಿ ಗೋದಾಮಿನ ಎತ್ತರದ ಗೋಡೆಗೆ ಕ್ಯಾಮೆರಾ ಹೂಡಿ, ಚಿತ್ರದ ಎಡಮೂಲೆಗೆ ಮುಖ ಬರುವ ಹಾಗೆ ಹೆಂಡತಿಯನ್ನು ನಿಲ್ಲಿಸಿದ್ದ.

ಹೆಂಡತಿಯ ಹೆಸರು ವಿನುತಾ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೊದಲನೇ ಲೆನ್ಸಿಗೆ ಅವಳು ಎಳೆಬಿಸಿಲಲ್ಲೂ ನಿಂತಳು, ಸುಡುಬಿಸಿಲಲ್ಲೂ ನಿಂತಳು. ಎರಡನೆಯದಕ್ಕೂ ನಿಂತಳು. "ಸ್ವಲ್ಪ ನಗಲಾ?" ಎಂದು ಒಮ್ಮೆ ಕೇಳಿದಳು. "ಬೇಡ, ಅಲ್ಲಾಡುತ್ತೆ" ಎಂದು ಅವನು ಹೇಳಿದ. ಎರಡನೆಯದು ಅರ್ಧವಾಗಿದ್ದಾಗ ಮೋಡ ಕವಿದು ಬೆಳಕು ಬದಲಾಯಿತು. ಎಲ್ಲವನ್ನೂ ಮೊದಲಿನಿಂದ ತೆಗೆಯಬೇಕು ಎಂದ. ಅವಳು ಒಳಗೆ ಹೋದಳು. ನೀರು ಕುಡಿಯಲು ಹೋದಳೆಂದು ಅವನು ಕಾದ. ಅವಳು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಮುಂಬಾಗಿಲಿನಿಂದ ಅರಸೀಕೆರೆಯ ತವರಿಗೆ ಹೊರಟುಹೋಗಿದ್ದಳು. ಯಾವಾಗ ಬರುತ್ತೇನೆಂದು ಹೇಳಿರಲಿಲ್ಲ, ಬರುತ್ತೇನೆಂದೂ ಹೇಳಿರಲಿಲ್ಲ. ಅವಳಿಗೆ ಫೋನ್ ಮಾಡಿದರೆ ಅವಳ ತಾಯಿ ಎತ್ತುತ್ತಿದ್ದರು.

ಎರಡನೇ ಲೆನ್ಸಿನ ಪರೀಕ್ಷೆ ಹೀಗೆ ಅರ್ಧಕ್ಕೇ ನಿಂತಿತ್ತು. ಯತೀಶ ಇದನ್ನು ಮೇಷ್ಟ್ರ ಮುಂದೆ ಒಂದು ತಾಂತ್ರಿಕ ತೊಂದರೆಯಾಗಿ ವಿವರಿಸಿದ.

ಶಾಂತವೀರಯ್ಯ ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ರೀಲ್ ಕ್ಯಾಮೆರಾದ ಕಾಲದಿಂದ ಊರಿನ ಮದುವೆಗಳನ್ನು ತೆಗೆದವರು, ತೆಗೆಯುವವರನ್ನು ತಯಾರು ಮಾಡಿದವರು. ಅದಕ್ಕೇ ಎಲ್ಲರಿಗೂ ಮೇಷ್ಟ್ರು. ಯತೀಶ ಅವರ ಮುಂದೆ ಎರಡು ದೊಡ್ಡ ಪ್ರಿಂಟ್‌ಗಳನ್ನು ಹಾಸಿದ. ಲೆನ್ಸಿಗೊಂದು. ಎರಡರಲ್ಲೂ ಉದ್ದಕ್ಕೂ ಅಗಲಕ್ಕೂ ಗೋಡೆ. ಎಡಮೂಲೆಯಲ್ಲಿ ಕೆಂಪು ಪೆನ್ನಿನ ಸುತ್ತು. ಸುತ್ತಿನೊಳಗೆ ವಿನುತಾಳ ಮೂಗುತಿ.

"ನೋಡಿ ಮೇಷ್ಟ್ರೇ, ಇದರಲ್ಲಿ ಮೂಗುತಿ ಹರಳು ಬಿಡಿಬಿಡಿಯಾಗಿ ಕಾಣುತ್ತೆ. ಅದರಲ್ಲಿ ಸ್ವಲ್ಪ ಕಲಸಿಕೊಂಡಿದೆ. ಆದರೆ ಅದರಲ್ಲಿ ರೆಪ್ಪೆ ಚೆನ್ನಾಗಿದೆ. ಅದೇ ಬಗೆಹರೀತಿಲ್ಲ."

"ಎರಡರಲ್ಲೂ ಕಣ್ಣು ಕೆಂಪಗಿದೆಯಲ್ಲಯ್ಯಾ."

"ಅದು ಕಲರ್ ಸೆಟ್ಟಿಂಗು. ಆಮೇಲೆ ಸರಿ ಮಾಡ್ಕೋಬಹುದು."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದರೆ ಕತೆ ಬರುತ್ತದೆ ಎಂದು ಶಿಷ್ಯರಿಗೆಲ್ಲ ಗೊತ್ತಿತ್ತು. ಯತೀಶ ಸ್ಟೂಲ್ ಎಳೆದುಕೊಂಡು ಕೂತ. ಕತೆಯ ಕೊನೆಗೆ ಕಂಪನಿಯ ಹೆಸರು ಬರುತ್ತದೆ ಎಂದು ಅವನು ನಂಬಿದ್ದ.

ಮೇಷ್ಟ್ರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದರೆ ಸಾಕು, ನೂಲು ಎಂಥದ್ದು, ಮಗ್ಗ ಎಂಥದ್ದು, ನೇದವನ ಕೈ ಎಲ್ಲಿ ನಡುಗಿತ್ತು ಎಂದೆಲ್ಲ ಹೇಳುತ್ತಿದ್ದ. ಆರಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಅವನ ಕಣ್ಣಿಗೆ ಪೊರೆ ಬಂತು. ಕಣ್ಣಿಗೆ ಕತ್ತಿ ತಾಗಿಸುವುದಕ್ಕೆ ಹೆದರಿ ಅವನು ವರ್ಷಗಟ್ಟಲೆ ಮುಂದಕ್ಕೆ ಹಾಕಿದ. ಮೊದಲು ನೂಲು ಹೋಯಿತು. ಆಮೇಲೆ ಬಣ್ಣ ಹೋಯಿತು. ಆಮೇಲೆ ಮುಖಗಳು ಹೋದವು. ಕೊನೆಗೆ ಬೆಳಕು, ನೆರಳು ಇಷ್ಟೇ ಉಳಿದವು. ಹೆಂಡತಿ ಕೈಹಿಡಿದು ಅಂಗಡಿಗೆ ಕರೆತರುತ್ತಿದ್ದಳು, ಕೈಹಿಡಿದು ಮನೆಗೆ ಕರೆದೊಯ್ಯುತ್ತಿದ್ದಳು.

ಇನ್ನು ಆಗುವುದಿಲ್ಲ ಎನಿಸಿದಾಗ ಅವನು ಡಾಕ್ಟರ ಬಳಿ ಹೋದ. ಡಾಕ್ಟರು ಬಿಡಿಸಿ ಹೇಳಿದರು. ಪ್ರತಿಯೊಬ್ಬರ ಕಣ್ಣಿನೊಳಗೂ ಅವರೆಕಾಳಿನಷ್ಟು ಒಂದು ಲೆನ್ಸ್ ಇರುತ್ತದೆ. ತಾಯಿಯ ಹೊಟ್ಟೆಯಲ್ಲಿ, ಕತ್ತಲೆಯಲ್ಲೇ, ತಯಾರಾದದ್ದು. ಮಗು ಚಂದ್ರನನ್ನು ನೋಡುತ್ತದೆ. ಮರುಕ್ಷಣ ತನ್ನ ಕಿರುಬೆರಳನ್ನು ನೋಡುತ್ತದೆ. ಎರಡೂ ನಿಚ್ಚಳ. ಆ ನಡುವೆ ಲೆನ್ಸ್ ತಾನಾಗಿ ಚಪ್ಪಟೆಯಾಗಿರುತ್ತದೆ, ತಾನಾಗಿ ಉಬ್ಬಿರುತ್ತದೆ. ಯಾರೂ ತಿರುಗಿಸುವುದಿಲ್ಲ. ಸದ್ದಿಲ್ಲ. ಚಂದ್ರನಿಂದ ಬೆರಳಿನವರೆಗಿನ ದೂರವನ್ನು ಅವರೆಕಾಳು ಒಂದು ರೆಪ್ಪೆ ಬಡಿಯುವುದರೊಳಗೆ ದಾಟಿಬಿಡುತ್ತದೆ.

ಇಲ್ಲಿ ಯತೀಶ ಹಳದಿ ಬಟ್ಟೆಯ ಮೇಲಿನ ಲೆನ್ಸ್‌ಗಳನ್ನು ನೋಡಿದ. ಮೊದಲ ಸಲ ಅವು ಅವನ ಕಣ್ಣಿಗೆ ದಪ್ಪವಾಗಿ, ಸ್ವಲ್ಪ ಪೆದ್ದಾಗಿ ಕಂಡವು. ಹಾಗೆ ಕಂಡದ್ದಕ್ಕೆ ಅವುಗಳ ಕ್ಷಮೆ ಕೇಳುವವನಂತೆ ಒಂದರ ಮುಚ್ಚಳ ಸರಿಮಾಡಿದ.

ಮೇಷ್ಟ್ರು ಮುಂದುವರಿಸಿದರು:

ಡಾಕ್ಟರು ಹೇಳಿದರು, ನಿಮ್ಮ ಲೆನ್ಸ್ ಮಂಜಾಗಿದೆ, ತೆಗೆದು ಬೇರೆ ಹಾಕುತ್ತೇನೆ. ಆದರೆ ನಾನು ಹಾಕುವುದು ಉಬ್ಬುವುದಿಲ್ಲ, ತಗ್ಗುವುದಿಲ್ಲ. ಒಂದೇ ದೂರಕ್ಕೆ ಕೂರುತ್ತದೆ. ದೂರಕ್ಕೆ ಕೂರಿಸಿದರೆ ಹತ್ತಿರದ್ದಕ್ಕೆ ಕನ್ನಡಕ. ಹತ್ತಿರಕ್ಕೆ ಕೂರಿಸಿದರೆ ದೂರದ್ದಕ್ಕೆ ಕನ್ನಡಕ. ಯಾವುದು ಬೇಕು, ಯೋಚನೆ ಮಾಡಿ ಬನ್ನಿ.

ಆರಿಸುವುದರಲ್ಲಿ ಹೆಸರಾದವನಿಗೆ ಇದಕ್ಕಿಂತ ದೊಡ್ಡ ಆಯ್ಕೆ ಬಂದಿರಲಿಲ್ಲ. ಅವನು ಎಲ್ಲರನ್ನೂ ಕೇಳಿದ. ದೂರದ್ದೇ ಇರಲಿ, ಹೊರಗಿನ ಬಾಗಿಲಲ್ಲಿ ನಿಂತೇ ದೇವರ ಮುಖ ಕಾಣುತ್ತದೆ ಎಂದ ಪೂಜಾರಿ. ಹತ್ತಿರದ್ದೇ ಸರಿ, ನೂಲು ಕಾಣದ ಮೇಲೆ ನೀನು ಜವಳಿಯವನು ಹೇಗಾಗುತ್ತೀಯ ಎಂದ ಪಕ್ಕದಂಗಡಿಯವನು. ದೂರದ್ದು ಎಂದು ಎದ್ದವನು ಹತ್ತಿರದ್ದು ಎಂದು ಮಲಗುತ್ತಿದ್ದ. ಕೊನೆಗೆ ಬಟ್ಟೆ ಅಳೆಯುವ ಗಜದ ಕೋಲನ್ನೇ ಹಿಡಿದು ಹೊರಟ. ತಾನು ಕೂರುವ ಗಾದಿಯಿಂದ ಕಪಾಟಿಗೆ ಎಷ್ಟು, ಬಾಗಿಲಿಗೆ ಎಷ್ಟು, ರಸ್ತೆಯಾಚೆಯ ಎದುರಾಳಿಯ ಅಂಗಡಿಗೆ ಎಷ್ಟು ಎಂದು ಅಳೆದ. ಕಣ್ಣು ಕಾಣದವನಿಗೆ ಅಳತೆ ತಪ್ಪಬಾರದಲ್ಲ. ಹೆಂಡತಿಯನ್ನು ಗುರುತಿನ ಗೂಟದಂತೆ ಅಲ್ಲಲ್ಲಿ ನಿಲ್ಲಿಸಿದ. ಅವಳು ಕಪಾಟಿನ ಹತ್ತಿರ ನಿಂತಳು. ಬಾಗಿಲಲ್ಲಿ ನಿಂತಳು. ಬಿಸಿಲಲ್ಲಿ, ರಸ್ತೆಯಾಚೆಯೂ ನಿಂತಳು. "ಇಲ್ಲಿದ್ದೀನಿ ರೀ" ಎಂದು ಅಲ್ಲಿಂದ ಕೂಗಿ ಹೇಳುತ್ತಿದ್ದಳು. ಅವನು ಆ ಕೂಗಿನವರೆಗೆ ಕೋಲು ಹಾಕುತ್ತಾ ಬರುತ್ತಿದ್ದ. ಕೋಲು ಅವಳ ಪಾದಕ್ಕೆ ತಾಗಿದೊಡನೆ ಲೆಕ್ಕ ಹೇಳಿ ಹಿಂದಿರುಗುತ್ತಿದ್ದ.

ಆಪರೇಷನ್ನಿನ ಬೆಳಿಗ್ಗೆ ಬಂತು. ಅವನು ಇನ್ನೂ ತೀರ್ಮಾನಿಸಿರಲಿಲ್ಲ. ಕಾದು ಕಾದು ಸಾಕಾಗಿ, ಡಾಕ್ಟರೇ ಒಂದನ್ನು ಕೂರಿಸಿದರು. ದೂರದ್ದೂ ಅಲ್ಲ, ಹತ್ತಿರದ್ದೂ ಅಲ್ಲ, ನಡುವಿನದು. ಒಬ್ಬರು ಎದುರಿಗೆ ನಿಂತು ಮಾತಾಡಿದರೆ ಎಷ್ಟು ದೂರವೋ ಅಷ್ಟು. ಮಿಕ್ಕ ಎಲ್ಲಕ್ಕೂ ಕನ್ನಡಕ.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದರು. ವರ್ತಕ ಮೊದಲು ಗೋಡೆಯ ಗಡಿಯಾರ ನೋಡಿದ. ಮುಳ್ಳು ಕಾಣಲಿಲ್ಲ. ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿದ. ಗೆರೆ ಕಾಣಲಿಲ್ಲ. ದೂರವೂ ಹೋಯಿತು, ಹತ್ತಿರವೂ ಹೋಯಿತು, ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಮೋಸ ಹೋಗಿರಲಿಲ್ಲ ಎಂದುಕೊಂಡ.

ಆಗ ಯಾರೋ ಕಾಫಿ ಲೋಟ ಹಿಡಿದು ಬಂದು ಮಂಚದ ಪಕ್ಕ ನಿಂತರು.

ಅವನು ತಲೆಯೆತ್ತಿದ. ಒಬ್ಬಳು ಮುದುಕಿ. ಬೈತಲೆಯ ಎರಡು ಪಕ್ಕದ ಬಿಳಿಗೂದಲು ಎಳೆಎಳೆಯಾಗಿ ಕಂಡಿತು. ಕಣ್ಣಂಚಿನ ಸುಕ್ಕುಗಳು ಕಂಡವು. ಒಂದೊಂದು ಸುಕ್ಕೂ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದು ಕಂಡಿತು. ಅವನು ಗಡಿಬಿಡಿಯಿಂದ ಎದ್ದು ನಿಂತು ಕೈಮುಗಿದ.

"ಅತ್ತೆ, ಈ ವಯಸ್ಸಲ್ಲಿ ನೀವ್ಯಾಕೆ ಬರೋಕೆ ಹೋದ್ರಿ!"

ಮುದುಕಿ ಲೋಟವನ್ನು ಕೆಳಗಿಟ್ಟಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಅಮ್ಮ ಹೋಗಿ ಎಷ್ಟು ಕಾಲ ಆಯ್ತು ರೀ. ನಾನು."

ಆ ನಗು ಅವನಿಗೆ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ. ಅವನು ಮುಗಿದ ಕೈ ಬಿಡದೆ ಹಾಗೇ ಮಂಚದ ಮೇಲೆ ಕೂತ. ತಾನು ನೋಡದೆ ಕಳೆದ ವರ್ಷಗಳೆಲ್ಲ ಆ ಮುಖದಲ್ಲಿ ಇದ್ದವು. ಒಂದೂ ಕಳೆದುಹೋಗಿರಲಿಲ್ಲ. ನೇಯ್ಗೆಯಲ್ಲಿ ನೂಲಿರುವಂತೆ ಒಂದೊಂದೂ ತನ್ನ ಜಾಗದಲ್ಲಿ ಇತ್ತು. ಬೆಳಕಿಗೆ ಹಿಡಿದು ಸಾವಿರ ಬಟ್ಟೆ ನೋಡಿದವನು, ಇಷ್ಟು ಸಣ್ಣ ನೂಲಿನ ಕೆಲಸವನ್ನು ತಾನು ಎಲ್ಲೂ ಕಂಡಿಲ್ಲ ಎಂದುಕೊಂಡ. ಆ ಕೆಲಸ ತನ್ನ ಮನೆಯಲ್ಲೇ, ತನ್ನ ಪಕ್ಕದಲ್ಲೇ ನಡೆದಿತ್ತು. ನರ್ಸ್ ಬಂದು, ಅಜ್ಜಾ, ಗೋಡೆ ಮೇಲಿನ ಅಕ್ಷರ ಓದಿ ಎಂದಳು. ಅವನು ಆ ಕಡೆ ತಿರುಗಲಿಲ್ಲ.

"ಕಾಫಿ ಆರಿಹೋಗುತ್ತೆ ರೀ" ಎಂದಳು ಹೆಂಡತಿ.

ಕಾಫಿ ಆರಿಹೋಯಿತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಸ್ಟುಡಿಯೋದ ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಿದ್ದರು. ಯತೀಶ ಬಂದಿದ್ದು ಒಂದು ಕೆಲಸಕ್ಕೆ. ಕತೆಯಲ್ಲಿ ಹೇಳದೆ ಬಿಟ್ಟ ಅಂಶ ಅವನನ್ನು ಕಾಡುತ್ತಿತ್ತು.

"ಆ ನಡುವಿನ ಲೆನ್ಸ್ ಯಾವ ಕಂಪನಿದು ಮೇಷ್ಟ್ರೇ?"

"ಅವನು ಕೇಳಲಿಲ್ಲ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಪ್ರಿಂಟ್‌ಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ಆಮೇಲೆ ಎರಡನ್ನೂ ಯತೀಶನ ತೊಡೆಯ ಮೇಲಿಟ್ಟರು.

"ಗೋಡೆ ಎರಡರಲ್ಲೂ ಚೆನ್ನಾಗಿ ಬಂದಿದೆ ಕಣಯ್ಯಾ."

ಯತೀಶ ತಲೆ ತಗ್ಗಿಸಿ ಎಡಮೂಲೆಯನ್ನು ನೋಡಿದ. ಕೆಂಪು ಸುತ್ತಿನ ಮೇಲೆ ಎರಡು ಕಣ್ಣುಗಳಿದ್ದವು. ಅವು ಕ್ಯಾಮೆರಾದ ಕಡೆಗಲ್ಲ, ಅದರ ಹಿಂದೆ ನಿಂತವನ ಕಡೆಗೆ ನೋಡುತ್ತಿದ್ದವು. ಕಲರ್ ಸೆಟ್ಟಿಂಗು ಎಂದು ಇನ್ನೊಮ್ಮೆ ಹೇಳಲು ಅವನಿಗೆ ಆಗಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಅವನು ಅರಸೀಕೆರೆಗೆ ಹೋದ. ಕ್ಯಾಮೆರಾ ಒಯ್ಯಲಿಲ್ಲ. ಬಾಡಿಗೆಯ ಲೆನ್ಸ್‌ಗಳನ್ನು ಮೇಷ್ಟ್ರು ಅಂಗಡಿಗೆ ಹಿಂದಿರುಗಿಸಿದರು. ಹೊಸ ಲೆನ್ಸನ್ನು ಶ್ರಾವಣದಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗಿ ಕೊಂಡರು. ಎರಡರಲ್ಲಿ ಹಗುರವಾದದ್ದು.