ಸುಳ್ಳು ಕೊಂಬೆಯ ಗುಡ್ಡ

ಇಟಲಿಯ ಈಶಾನ್ಯ ಮೂಲೆಯಲ್ಲಿ, ಇನ್ನೆರಡು ತಿರುವು ದಾಟಿದರೆ ಸ್ಲೊವೇನಿಯ ಎನ್ನುವಷ್ಟು ಗಡಿಗೆ ಹತ್ತಿರದಲ್ಲಿ, ಒಂದು ಸಾಧಾರಣ ಗುಡ್ಡವಿದೆ. ಮೈತುಂಬ ದ್ರಾಕ್ಷಿಯ ಸಾಲುಗಳು, ಮೇಲ್ಗಡೆ ಕಾಡು ಶುರುವಾಗುವಲ್ಲಿ ಒಂದೇ ಒಂದು ಕಲ್ಲಿನ ಮನೆ. ಸೆಪ್ಟೆಂಬರಿನಲ್ಲಿ ಬಂದರೆ ಕೊಯ್ಲಿನವರ ಗಲಾಟೆ, ಬಾಡಿಗೆ ಸೈಕಲ್ಲಿನ ಜರ್ಮನರು, ವೈನನ್ನು ಬಾಯಲ್ಲಿ ಮುಕ್ಕಳಿಸಿ ಉಗುಳಿ ಆಮೇಲೆ ಅದರ ಗುಣಗಾನ ಮಾಡುವ ಪಂಡಿತರು, ಎಲ್ಲರೂ ಸಿಗುತ್ತಾರಂತೆ. ನಾನು ಹೋದದ್ದು ಜನವರಿಯಲ್ಲಿ. ಜನವರಿಯ ದ್ರಾಕ್ಷಿತೋಟವೆಂದರೆ ಮಂಜಿನಲ್ಲಿ ನೆಟ್ಟ ಗೂಟಗಳು, ಅಷ್ಟೆ. ಕೋಣೆ ಅಗ್ಗ, ದಾರಿ ಖಾಲಿ, ಮಾತಿಗೆ ಜನವಿಲ್ಲ. ದೇಶ ಸುತ್ತಿ ಸುತ್ತಿ ನನಗೆ ಇಂಥ ಋತುಗಳೇ ಒಗ್ಗಿಹೋಗಿವೆ. ಗುಡ್ಡದ ಹೆಸರು ಫ್ರಾಸ್ಕ ಬುಜಾರ್ದ, ಅಂದರೆ ಸುಳ್ಳು ಕೊಂಬೆ. ಕಲ್ಲುಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಂದವರಿಗೆ ಅಡುಗೆ ಮಾಡಿ ಬಡಿಸುವ ನೀವೆಸ್ ಎಂಬ ಎಪ್ಪತ್ತೆಂಟರ ಅಜ್ಜಿ ಆ ಹೆಸರಿನ ಕಥೆಯನ್ನು ಪೊಲೆಂತ ತಿರುವುತ್ತ ಹೇಳಿದರು. ಪೊಲೆಂತ ಎಂದರೆ ಮೆಕ್ಕೆಜೋಳದ ಮುದ್ದೆ. ನಮ್ಮ ರಾಗಿಮುದ್ದೆಯ ದೂರದ ನೆಂಟ. ಇವರು ಮಾತ್ರ ಅದನ್ನು ನುಂಗುವುದಿಲ್ಲ, ಅಗಿಯುತ್ತಾರೆ. ಮುಕ್ಕಾಲು ಗಂಟೆ ಕೈಬಿಡದೆ ತಿರುವಬೇಕಾದ್ದರಿಂದ ಅಷ್ಟರಲ್ಲಿ ಒಂದು ಐತಿಹ್ಯವನ್ನು ಆರಾಮಾಗಿ ಹೇಳಿ ಮುಗಿಸಬಹುದು.

ಮೊದಲು ಈ ಸೀಮೆಯ ಕಟ್ಟಳೆಯೊಂದನ್ನು ತಿಳಿದಿರಬೇಕು. ಹೊಸ ವೈನ್ ಕುಡಿಯಲು ಹದವಾದಾಗ, ನವೆಂಬರಿನ ಸಂತ ಮಾರ್ಟಿನನ ಹಬ್ಬದ ಹೊತ್ತಿಗೆ, ಮನೆಯವರು ತಮ್ಮ ದಾರಿಯ ತಿರುವಿನಲ್ಲಿ ಒಂದು ಹಸಿರು ಕೊಂಬೆ ಕಟ್ಟುತ್ತಾರೆ. ಕೊಂಬೆ ಇದ್ದರೆ ದಾರಿಹೋಕ ಯಾರೇ ಆಗಲಿ, ಕೇಳದೆ ಒಳಬಂದು ಕೂರಬಹುದು. ವೈನ್, ಜೊತೆಗೆ ಮನೆಯಲ್ಲಿದ್ದದ್ದು ಸಿಗುತ್ತದೆ. ಪೀಪಾಯಿ ಬರಿದಾದ ದಿನ ಕೊಂಬೆ ಇಳಿಯುತ್ತದೆ. ಆಮೇಲೆ ಯಾರೂ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಗುಡ್ಡದ ಜನ ಸಂಕೋಚದವರು. ಕೊಂಬೆಯಿಲ್ಲದ ಬಾಗಿಲನ್ನು ಸಾವಿನ ಸುದ್ದಿ ತಂದವನು ಮಾತ್ರ ತಟ್ಟುತ್ತಿದ್ದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಮನೆಯಲ್ಲಿ ಓರ್ಸೊಲ ಎಂಬ ವಿಧವೆ ಇದ್ದಳು. ಮಕ್ಕಳಿರಲಿಲ್ಲ. ಆರು ಸಾಲು ದ್ರಾಕ್ಷಿಬಳ್ಳಿ, ಕೆಲವು ಕೋಳಿ, ಇಷ್ಟೇ ಅವಳ ಸಂಸಾರ. ಒಂದು ಬೇಸಿಗೆಯಲ್ಲಿ ಆಲಿಕಲ್ಲಿನ ಮಳೆ ಬಿದ್ದು ಆರೂ ಸಾಲಿನ ಕಾಯಿ ನೆಲಕ್ಕುದುರಿತು. ಸಂತ ಮಾರ್ಟಿನನ ಹಬ್ಬ ಬಂತು. ಕೆಳಗಿನ ಎಲ್ಲ ತಿರುವುಗಳಲ್ಲಿ ಕೊಂಬೆ ಎದ್ದಿತು, ಅವಳದು ಬೋಳಾಗಿ ಉಳಿಯಿತು. ಕಾಡಿನಿಂದ ಇಳಿಯುವವರು ಆ ತಿರುವನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಅದು ಅವರ ಮರ್ಯಾದೆ. ಆ ಮರ್ಯಾದೆಯಲ್ಲಿ ಓರ್ಸೊಲಳ ಕಿವಿಗೆ ಎರಡು ತಿಂಗಳು ಮನುಷ್ಯರ ಒಂದು ಮಾತೂ ಬೀಳಲಿಲ್ಲ. ಒಂದು ಬೆಳಿಗ್ಗೆ ಕೋಳಿಗಳನ್ನು ಕರೆಯಲು ಬಾಯಿ ತೆರೆದರೆ ಹೊರಟ ದನಿ ತನ್ನದೆಂದು ಅವಳಿಗೇ ಗುರುತು ಸಿಗಲಿಲ್ಲವಂತೆ. ಕೋಳಿಗಳೂ ಬರಲಿಲ್ಲ. ಆ ದಿನವೇ ಅವಳು ಜುನಿಪರ್ ಪೊದೆಯಿಂದ ಒಂದು ಕೊಂಬೆ ಕಡಿದು ತಿರುವಿನಲ್ಲಿ ಕಟ್ಟಿದಳು. ಮನೆಯಲ್ಲಿ ತೊಟ್ಟು ವೈನ್ ಇರಲಿಲ್ಲ.

ಮೊದಲು ಬಂದವನು ಇದ್ದಿಲು ಸುಡುವ ವಾಲೆಂತ್. ಕಾಡಿನಲ್ಲೇ ಬದುಕುವವನು, ಮಾತು ಕಡಿಮೆ. ಓರ್ಸೊಲ ಪೊಲೆಂತ ಬಡಿಸಿದಳು, ಚೀಸನ್ನು ಬಾಣಲೆಯಲ್ಲಿ ಗರಿಗರಿಯಾಗಿ ಕಾಯಿಸಿ ಹಾಕಿದಳು, ಹೂಜಿ ತಂದಿಟ್ಟಳು. ಹೂಜಿಯಲ್ಲಿ ನೀರು. ಅವನು ವೈನ್ ಕೇಳಿದ. ಇನ್ನೂ ತಿಳಿಯಾಗುತ್ತಿದೆ, ತಿನ್ನು ಎಂದಳು. ಮತ್ತೆ ಕೇಳಿದ, ನಿನ್ನ ಗುಡಿಸಲಿನ ಕಡೆ ಹಿಮ ಎಷ್ಟು ಬಿತ್ತು ಎಂದು ವಿಚಾರಿಸಿದಳು. ಹೀಗೆ ಮೂರು ವಾರ, ಬಂದವರಿಗೆಲ್ಲ ಹೊಟ್ಟೆ ತುಂಬ ಊಟ, ಕಿವಿ ತುಂಬ ಮಾತು, ಲೋಟದ ತುಂಬ ನೀರು. ಊರು ನಗತೊಡಗಿತು. ಓರ್ಸೊಲಳ ಮನೆಯ ವೈನ್ ಈ ವರ್ಷ ಬಹಳ ತಿಳಿ, ಕುಡಿದರೆ ತಳದಲ್ಲಿ ನಿನ್ನ ಮುಖವೇ ಕಾಣುತ್ತದೆ ಎಂದು ಗಂಡಸರು ಆಡಿಕೊಂಡರು. ನಗದೆ ಉಳಿದವನು ಕೆಳಗಿನ ತಿರುವಿನ ಬಾಸ್ತಿಯಾನ್. ಕಾಡಿನವರೆಲ್ಲ ಮೇಲೆಯೇ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದುದರಿಂದ ಅವನ ಪೀಪಾಯಿ ಇಳಿಯುತ್ತಿರಲಿಲ್ಲ. ಅವನು ಪಾದ್ರಿಗೆ ದೂರು ಕೊಟ್ಟ. ಸುಳ್ಳು ಕೊಂಬೆ ಕಟ್ಟಿದವರು ಬದುಕಿರುವ ತನಕ ಮತ್ತೆ ಕೊಂಬೆ ಕಟ್ಟುವಂತಿಲ್ಲ ಎಂಬುದು ಆ ಕಾಲದ ಕಟ್ಟುನಿಟ್ಟಿನ ನಿಯಮ. ಅಲ್ಲಿ ಉಂಡವರಲ್ಲಿ ಒಬ್ಬನು ಆಣೆ ಮಾಡಿ ಹೇಳಿದರೆ ಸಾಕು. ಓರ್ಸೊಲಳಿಗೆ ಅದರ ಅರ್ಥ ಗೊತ್ತಿತ್ತು: ಈ ಒಂದು ಚಳಿಗಾಲವಲ್ಲ, ಇನ್ನುಳಿದ ಎಲ್ಲ ಚಳಿಗಾಲಗಳೂ.

ಇಗರ್ಜಿಯ ಮುಂದೆ ವಾಲೆಂತನನ್ನು ನಿಲ್ಲಿಸಿದರು. ಎಲ್ಲರ ಎದುರು ಪಾದ್ರಿ ಕೇಳಿದರು, "ಏನು ಕುಡಿದೆ?"

"ನೀರು."

"ಅವಳು ಸುಳ್ಳು ಹೇಳುತ್ತಿದ್ದಾಳೆಂದು ಯಾವಾಗ ತಿಳಿಯಿತು?"

"ಮೊದಲ ಲೋಟಕ್ಕೇ, ಸ್ವಾಮಿ. ನಾನು ಇದ್ದಿಲಿನವನು, ಹಸುವಲ್ಲ."

"ಹಾಗಾದರೆ ಎದ್ದು ಹೋಗಬೇಕಿತ್ತು."

ವಾಲೆಂತ್, "ಅವಳ ಮಾತು ಇನ್ನೂ ಮುಗಿದಿರಲಿಲ್ಲ" ಎಂದನಂತೆ.

ಆಣೆ ಆಣೆಯೇ. ಕೊಂಬೆಯನ್ನು ಕಿತ್ತು ಸುಟ್ಟರು. ಗುಡ್ಡಕ್ಕೆ ಅವತ್ತೇ ಹೆಸರು ಬಿತ್ತು. ಮಾರನೆಯ ವರ್ಷ ಆರೂ ಸಾಲು ಬಗ್ಗುವಷ್ಟು ಹಣ್ಣು ಬಿಟ್ಟವು. ಅಂಥ ವೈನ್ ಆ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ, ಹೊಸ್ತಿಲು ತುಳಿಯುವವರು ಮಾತ್ರ ಇರಲಿಲ್ಲ. ಹಬ್ಬ ಕಳೆದ ಮರುದಿನ ವಾಲೆಂತ್ ಕಾಡಿನಿಂದ ಇಳಿದುಬಂದು ಬೋಳು ತಿರುವಿನಲ್ಲಿ ಬಹಳ ಹೊತ್ತು ನಿಂತ. ಬಾಗಿಲು ತಟ್ಟಿದರೆ ಒಳಗಿನವಳು ಯಾರು ಸತ್ತರು ಎಂದು ಗಾಬರಿಯಾದಾಳು; ತಟ್ಟದಿದ್ದರೆ ಬಂದದ್ದೇ ದಂಡ. ಕೊನೆಗೆ ಪೊದೆಯಿಂದ ಒಂದು ಕೊಂಬೆ ಮುರಿದು, ಕೈಯಲ್ಲಿ ಹಿಡಿದು ಅಂಗಳಕ್ಕೆ ನಡೆದ. ಓರ್ಸೊಲ ಕಿಟಕಿಯಿಂದ ಕಂಡು ಹೊರಬಂದಳು.

"ತೆಗೆದುಕೊಂಡು ಹೋಗು ಅದನ್ನ. ಮತ್ತೆ ಕಟ್ಟಿದಳು ಅಂತ ಆಣೆ ಮಾಡೋಕೆ ನಿನ್ನನ್ನೇ ಕರೀತಾರೆ."

"ಕರೀಲಿ. ಕಟ್ಟಿದವನು ನಾನು ಅಂತ ಹೇಳ್ತೀನಿ. ಅದೂ ನಿಜ ತಾನೆ?" ಎಂದು ಅವನು ಕೊಂಬೆಯನ್ನು ಬಾಗಿಲಿನ ಮೇಲಿನ ಕಲ್ಲಿನ ಸಂದಿಗೆ ಸಿಕ್ಕಿಸಿದ.

ಒಳಗೆ ಕೂರಿಸಿ ಅವಳು ವೈನ್ ಬಗ್ಗಿಸಿದಳು. ಅವನು ಕುಡಿದು, ಮುಖ ಹಿಂಡಿ, ಹೋದ ವರ್ಷದ್ದು ಇದಕ್ಕಿಂತ ಚೆನ್ನಾಗಿತ್ತು ಎಂದನಂತೆ. ಅವಳು ನಕ್ಕಳು ಎನ್ನುತ್ತಾರೆ ಕೆಲವರು, ಅತ್ತಳು ಎನ್ನುತ್ತಾರೆ ಇನ್ನು ಕೆಲವರು. ನೀವೆಸ್ ಪ್ರಕಾರ ಎರಡೂ ಇಲ್ಲ, ಲೋಟ ತುಂಬಿಸಿದಳು. ಅವರಿಬ್ಬರೂ ಮದುವೆಯಾದರೇ ಎಂದು ನಾನು ಕೇಳಿದೆ. ಪ್ರವಾಸಿಗರೆಲ್ಲ ಅದನ್ನೇ ಕೇಳುತ್ತಾರೆ ಎಂದು ಅಜ್ಜಿ ಬೇಸರದಿಂದ ಸೌಟು ಕೊಡವಿದರು. ಇಲ್ಲ. ಅವನು ವರ್ಷಕ್ಕೆ ಎರಡು ಸಲ, ಕೊಂಬೆ ಹಿಡಿದು ಬರುತ್ತಿದ್ದ. ಅವನನ್ನು ನೋಡಿ ಆಗೀಗ ಒಬ್ಬಿಬ್ಬರು ಬಂದರು. ಉಳಿದ ದಿನಗಳನ್ನು ಅವಳು ಎಲ್ಲರಂತೆ ಕಳೆದಳು.

ಓರ್ಸೊಲಳ ನಂತರ ಆ ಮನೆಗೆ ಎಷ್ಟೋ ಜನ ಬಂದು ಹೋದರು. ಅಂಥ ನಿಯಮ ಹೇರುವ ಪಾದ್ರಿಗಳು ಈಗಿಲ್ಲ. ಆದರೂ ಈ ಮನೆಯವರು ಇವತ್ತಿಗೂ ಕೊಂಬೆ ಕಟ್ಟುವುದಿಲ್ಲ, ಬರುವವರೇ ತರಬೇಕು. ತಿರುವಿನ ಜುನಿಪರ್ ಪೊದೆ ದಾರಿಯ ಬದಿಗೆ ಮಾತ್ರ ಬೋಳಾಗಿ, ಅತ್ತ ಕಡೆ ದಟ್ಟವಾಗಿ ನಿಂತಿರುವುದನ್ನು ಯಾರು ಬೇಕಾದರೂ ನೋಡಬಹುದು. ಸುಗ್ಗಿಯ ದಿನಗಳಲ್ಲಿ ಬಾಗಿಲಿನ ಮೇಲಿನ ಕಲ್ಲುಗಳೇ ಕಾಣದಷ್ಟು ಹಸಿರು ತುಂಬಿರುತ್ತದಂತೆ. ಚಳಿ ಏರಿದಂತೆ ಒಂದೊಂದೇ ಒಣಗಿ ಅಂಗಳಕ್ಕೆ ಉದುರುತ್ತವೆ. ನೀವೆಸ್ ಅವನ್ನು ಗುಡಿಸಿ ಒಲೆಗೆ ಹಾಕುತ್ತಾರೆ. ಸಂದಿಗಳೆಲ್ಲ ಬರಿದಾಗಿ, ವಾರಗಟ್ಟಲೆ ಯಾರೂ ಹತ್ತಿ ಬಾರದ ದಿನಗಳೂ ಇರುತ್ತವೆ. ಪೊದೆ ಅಂಗಳದಿಂದ ಇಪ್ಪತ್ತು ಹೆಜ್ಜೆ, ಕತ್ತರಿ ಬಾಗಿಲಲ್ಲೇ ತೂಗುತ್ತಿರುತ್ತದೆ. ಅವರು ಒಂದನ್ನೂ ತಾವಾಗಿ ಕತ್ತರಿಸಿ ಸಿಕ್ಕಿಸುವುದಿಲ್ಲ.