ಗುಂಡಿಯಲ್ಲಿ ಕೂತು ಹುಲ್ಲು ಆರಿಸಿದವರು

ಆ ಮಠದಲ್ಲಿ ದೇವರಿಗಿಂತ ಗಾಳಿ ಹೆಚ್ಚು. ಹಿಂದೆ ಹಳ್ಳ, ಮುಂದೆ ಕಣ್ಣು ಸೋಲುವಷ್ಟು ಹುಲ್ಲುಗಾವಲು. ಜನ ಅದನ್ನು ಕಾವಲು ಎನ್ನುತ್ತಿದ್ದರು. ಮಠದ ಗುರು ಬಸಲಿಂಗವ್ವ. ಎಲ್ಲರ ಬಾಯಲ್ಲೂ ಬರೀ ಅವ್ವ.

ಕಾವಲಿನ ನಟ್ಟನಡುವೆ ಒಂದು ಗುಂಡಿ. ಹೆದ್ದಾರಿಗೆಂದು ಗರಸು ಮಣ್ಣು ತೋಡಿಕೊಂಡು ಹೋದವರು ಹಾಗೇ ಬಿಟ್ಟುಹೋದದ್ದು. ಆಳ ಮೊಣಕಾಲುದ್ದ, ಅಗಲ ಒಂದು ಕೆರೆಯಷ್ಟು. ಅಲ್ಲಿ ಒಂದು ಹುಲ್ಲುಕಡ್ಡಿಯೂ ಹುಟ್ಟುತ್ತಿರಲಿಲ್ಲ.

ಶಿಷ್ಯ ಶಿವಪುತ್ರ ದೀಕ್ಷೆ ಕೇಳಿ ಕೇಳಿ ಬಾಯಿ ಸವೆಸಿಕೊಂಡಿದ್ದ. ಅವನ ನಂತರ ಬಂದವರೂ ಕಾವಿ ಉಟ್ಟು ಹೊರಟುಹೋಗಿದ್ದರು. ಇವನಿಗಿನ್ನೂ ಬಿಳಿ ಧೋತರ.

ಒಂದು ಬೆಳಿಗ್ಗೆ ಅವ್ವ ಗುಂಡಿಯ ಕಡೆ ಕೈ ಮಾಡಿ, "ಅದು ಕಾವಲಾದ ದಿನ ಕೊಡ್ತೀನಿ" ಎಂದಳು.

ಅವನಿಗೆ ಅಷ್ಟೇ ಬೇಕಿತ್ತು. ಭಕ್ತರನ್ನು ಕಾಡಿ ಬೇಡಿ ಟ್ರ್ಯಾಕ್ಟರ್ ತರಿಸಿದ, ಕೆರೆಯ ಹೂಳು ಹೊಡೆಸಿದ, ಅದರ ಮೇಲೆ ತಿಪ್ಪೆಗೊಬ್ಬರ ಸುರಿಸಿದ. ಮಠದ ರೂಢಿ ಅದು: ಯಾರು ಬಂದರೂ ಮೊದಲು ಎಲೆ ಹಾಕಿ ಹೊಟ್ಟೆ ತುಂಬ ಬಡಿಸುವುದು. ನೆಲಕ್ಕೂ ಹಾಗೇ ಬಡಿಸಿಬಿಟ್ಟ.

ಮಳೆ ಬಿತ್ತು. ಗುಂಡಿ ಎದೆಮಟ್ಟ ಹಸಿರಾಯಿತು. ಶಿವಪುತ್ರ ಅವ್ವನ ಕೈ ಹಿಡಿದು ಎಳೆದುಕೊಂಡೇ ಹೋದ.

ಅವ್ವ ಒಂದು ಟೊಂಗೆ ಮುರಿದು ಮೂಸಿ ಸೀನಿದಳು. ಮತ್ತೆ ಸೀನಿದಳು. ಇದ್ದದ್ದೆಲ್ಲ ಪಾರ್ಥೇನಿಯಂ ಕಳೆ.

"ಬಡವರ ಮನ್ಯಾಗ ಹೋಳಿಗಿ ಊಟ ಇಟ್ರ ಯಾರು ಬರ್ತಾರಪಾ?"

"ಎಲ್ಲಾರೂ ಬರ್ತಾರವ್ವಾ."

"ಮನಿಯವರಿಗೆ ಜಾಗ ಉಳದೈತೇನು ನೋಡು."

ಶಿವಪುತ್ರ ಗಿಡ ಕಿತ್ತು, ಆ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದ. ಬಂದದ್ದು ಟ್ರ್ಯಾಕ್ಟರಿನಲ್ಲಿ, ಹೋದದ್ದು ಅವನ ತಲೆಯ ಮೇಲೆ. ಅವ್ವ ನೆರಳಿನಿಂದ ಮಜ್ಜಿಗೆ ಕಳಿಸುತ್ತಿದ್ದಳು. ಮಣ್ಣು ಮುಗಿಯುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿತ್ತು. ಮತ್ತೆ ಬೋಳು ಗರಸು.

ಈಗೇನು ಮಾಡಲಿ ಎಂದು ಕೇಳಿದ. ಅವ್ವ ಅವನನ್ನು ಕಾವಲಿನಲ್ಲಿ ಅಡ್ಡಾಡಲು ಕರೆದೊಯ್ದಳು. ಹುಲ್ಲು ಬಲಿತು ಹೊಂಬಣ್ಣಕ್ಕೆ ತಿರುಗಿತ್ತು. ಅದರ ಬೀಜವೆಂದರೆ ಪುಟ್ಟ ಈಟಿ: ಮುಂದೆ ಮೊನೆ, ಹಿಂದೆ ಉದ್ದ ಬಾಲ. ತಿರುಗಿ ಬರುವಷ್ಟರಲ್ಲಿ ಶಿವಪುತ್ರನ ಧೋತರ ಮುಳ್ಳುಹಂದಿಯಾಗಿತ್ತು. ಮಠದ ಕಟ್ಟೆಯ ಮೇಲೆ ಕೂತು ಒಂದೊಂದೇ ಕೀಳತೊಡಗಿದ.

"ಇಲ್ಲಿ ಬ್ಯಾಡ. ಗುಂಡ್ಯಾಗ ಕುಂತು ಆರಿಸು."

ಇದು ಟ್ರ್ಯಾಕ್ಟರ್ ತರಿಸಿದ್ದಕ್ಕೆ ದಂಡ ಅಂದುಕೊಂಡ. ದಿನವೂ ನಡೆಯುವುದು, ದಿನವೂ ಆರಿಸುವುದು. ಚುಚ್ಚುತ್ತದೆಂದು ಧೋತರ ಮೇಲೆ ಕಟ್ಟಿದರೆ, ಇಳಿಬಿಡು ಎಂದು ಅವ್ವ ದೂರದಿಂದಲೇ ಸನ್ನೆ ಮಾಡುವಳು.

ಆಮೇಲೆ ಅವ್ವ ಭಕ್ತರನ್ನೂ ಹಿಡಿದಳು. ಕಷ್ಟ ಹೇಳಿಕೊಳ್ಳಲು ಬಂದವರು ರಸ್ತೆ ಬಿಟ್ಟು ಕಾವಲು ಹಾಯ್ದೇ ಬರಬೇಕು. ಗುಂಡಿಯಲ್ಲಿ ಕೂತು ಬಟ್ಟೆಯ ಹುಲ್ಲು ಆರಿಸಿಯೇ ಮೆಟ್ಟಿಲು ಹತ್ತಬೇಕು.

ಒಬ್ಬಳು ಅತ್ತೆಯ ಮೇಲೆ ದೂರು ತಂದಳು. ಸೊಸೆಯ ಮೇಲೆ ದೂರು ಹೊತ್ತು ಅತ್ತೆಯೂ ಹಿಂದೆಯೇ ಬಂದಳು. ಬೆನ್ನ ಹಿಂದಿನ ಸೆರಗು ತನ್ನ ಕೈಗೇ ಎಟುಕುವುದಿಲ್ಲ. ಬೆನ್ನು ತಿರುಗಿಸಿ ಕೂತ ಇಬ್ಬರೂ ಕೊನೆಗೆ ಒಬ್ಬರದನ್ನೊಬ್ಬರು ಆರಿಸಿ, ಯಾರದೋ ಮದುವೆಯ ಸುದ್ದಿ ತೆಗೆದು ನಕ್ಕು, ಅವ್ವನನ್ನು ಕಾಣದೆಯೇ ಊರಿಗೆ ಹೋದರು. ಅಂಥವರು ಹೆಚ್ಚಾದಂತೆ ಅವ್ವನಿಗೆ ಮಧ್ಯಾಹ್ನದ ನಿದ್ದೆ ಸಿಗತೊಡಗಿತು.

ಮುಂಗಾರಿನ ಮೊದಲ ಹನಿ ಬಿದ್ದಾಗ ಅವ್ವ ಶಿವಪುತ್ರನನ್ನು ಕೂಗಿ ಕರೆದಳು. ಗುಂಡಿಯಲ್ಲಿ ತನ್ನ ಪಕ್ಕ ಬೋರಲಾಗಿ ಮಲಗಿಸಿಕೊಂಡು, ನೋಡು ಎಂದಳು. ನೆನೆದ ಬೀಜದ ಬಾಲ ಮೆಲ್ಲಗೆ ತಿರುಗುತ್ತಿತ್ತು. ತಿರುತಿರುಗಿ ಮೊನೆಯನ್ನು ಗರಸಿನೊಳಕ್ಕೆ ಕೊರೆದು ಇಳಿಸುತ್ತಿತ್ತು. ಒಂದಲ್ಲ, ಕಣ್ಣು ಹೋದಲ್ಲೆಲ್ಲ.

"ಇವಕ್ಕ ಯಾರು ಕಲಿಸಿದ್ರವ್ವಾ?"

"ಸುಮ್ನ ನೋಡು. ನಿನಗ ಕಲಿಸಾಕತ್ತಾವು."

ಮಳೆಗಾಲಗಳು ಬಂದು ಹೋದವು. ಜನ ಹತ್ತಿ ಇಳಿದು ಗುಂಡಿಯ ಅಂಚು ಸವೆಯಿತು, ಮಳೆನೀರು ಸುತ್ತಲಿನ ಮಣ್ಣು ತಂದು ತಳ ತುಂಬಿತು. ಅಲ್ಲೊಂದು ಇಲ್ಲೊಂದು ಇದ್ದ ಹುಲ್ಲಿನ ಬುಡಗಳು ಹತ್ತಿರ ಹತ್ತಿರ ಸರಿದವು. ನಡುವಿನ ಬೋಳು ಜಾಗದಲ್ಲಿ ನೆಲಗುಬ್ಬಿಯೊಂದು ಮೊಟ್ಟೆಯಿಟ್ಟಿತು. ಆ ದಿನ ಶಿವಪುತ್ರ ಮಠದವರಿಗೆಲ್ಲ ಸಿಹಿ ಸಜ್ಜಕ ಮಾಡಿ ಬಡಿಸಿದ.

ಕೊನೆಗೊಂದು ಬೆಳಿಗ್ಗೆ ತಲೆ ಬೋಳಿಸಿಕೊಂಡು, ಮಿಂದು, ಅವ್ವನೆದುರು ಕೈಕಟ್ಟಿ ನಿಂತ. ಗುಂಡಿ ಕಾವಲಾಗಿದೆ, ಕೊಟ್ಟ ಮಾತು ನಡೆಸಬೇಕು ಎಂದ.

ಅವ್ವ ಕಾವಿ ಬಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಹೊರಟಳು. ಕಾವಲಿನ ನಡುವೆ ನಿಂತು ಕೇಳಿದಳು:

"ಗುಂಡಿ ಎಲ್ಲೈತಿ, ತೋರಿಸು."

ಶಿವಪುತ್ರ ಬೆರಳು ಚಾಚಿದ. ಬೆರಳು ಗಾಳಿಯಲ್ಲೇ ನಿಂತಿತು.

ಎಡಕ್ಕೆ ಹೋದ, ಹುಲ್ಲು. ಬಲಕ್ಕೆ ಬಂದ, ಅದೇ ಹುಲ್ಲು. ಅಂಚು ಸಿಕ್ಕೀತೆಂದು ಪಾದದಿಂದ ತಡವಿದ. ವರ್ಷವಿಡೀ ಮಣ್ಣು ಹೊತ್ತ ಜಾಗ, ಕಣ್ಣು ಕಟ್ಟಿ ಬಿಟ್ಟರೂ ಹೇಳುತ್ತೇನೆ ಎಂದುಕೊಂಡಿದ್ದವನು ಬೆವತುಹೋದ. ತೋರಿಸದಿದ್ದರೆ ದೀಕ್ಷೆ ಎಲ್ಲಿಯದು? ಹೊತ್ತೇರಿತು. ಅವ್ವ ನಿಂತೇ ಇದ್ದಳು.

ಕಾಲಬುಡದಿಂದ ಹಕ್ಕಿಯೊಂದು ಚಿಮ್ಮಿ, ಹಾಡುತ್ತ ಮೇಲೇರಿತು. ಅದನ್ನೇ ನೋಡುತ್ತ ನಿಂತವನಿಗೆ, ತಾನು ಇಷ್ಟು ಹೊತ್ತು ಹುಡುಕುತ್ತಿದ್ದದ್ದು ತಾನೇ ಇಲ್ಲವಾಗಿಸಿದ ಗುಂಡಿಯನ್ನು ಎಂಬುದು ಹೊಳೆಯಿತು. ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಿಗವಲ್ದವ್ವಾ," ಎಂದ. "ಎಲ್ಲಿತ್ತೋ ಏನೋ."

ಅವ್ವ ಕಾವಿಯ ಮಡಿಕೆ ಬಿಚ್ಚಿದಳು.

"ಹಂಗಾರ ಬಾ, ಇಲ್ಲೇ ಕೂಡು."